ಘಾಟಿ ಹತ್ತಿದ ಮೇಲಿನ ಘಮ

ವರ್ತಕ ನಗರದಿಂದ ನಾಸಿಕ್‌ಗೆ ಸುಮಾರು 145 ಕಿಲೋಮೀಟರ್. ಇಲ್ಲಿನ ಕನ್ನಡ ಮನೆಗಳಲ್ಲಿ ಈ ದಾರಿಗೆ ಎರಡು ಹೆಸರು. ಊರಿಂದ ಅಪ್ಪ ಅಮ್ಮ ಬಂದಾಗ ಅದು ತ್ರ್ಯಂಬಕೇಶ್ವರದ ದಾರಿ, ಶಿರಡಿಯ ದಾರಿ. ಅವರು ವಾಪಸು ಹೋದ ಮೇಲಿನ ಶನಿವಾರ ಅದೇ ವೈನರಿಗಳ ದಾರಿ. ಫ್ಯಾಮಿಲಿ ಗ್ರೂಪಿಗೆ ಹಾಕುವ ಫೋಟೋಗಳಲ್ಲಿ ಮಾತ್ರ ಎರಡೂ ಸಲ ದೇವಸ್ಥಾನವೇ ಇರುತ್ತದೆ.

ಈ ಡಿಸೆಂಬರಿನಲ್ಲಿ ನನ್ನ ಜೊತೆ ವೈನರಿಗೆ ಬಂದವರು ತಿಕೋಟಾದ ನನ್ನ ಸೋದರಮಾವ. ವಯಸ್ಸು ಅರವತ್ತೆಂಟು. ಕೊರಳಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ. ಜೀವನದಲ್ಲಿ ಒಂದು ಹನಿ ಮುಟ್ಟಿದವರಲ್ಲ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಠಾಣೆಗೆ ಬಂದಿದ್ದರು. ಆಪರೇಷನ್ ಆಗಿ ಎರಡು ವಾರ ಕಳೆದ ಮೇಲೆ, ಒಂದು ಸಂಜೆ ಚೀಲದಿಂದ ನಾಲ್ಕು ಮಡಿಕೆ ಮಾಡಿದ ಕಾಗದ ತೆಗೆದು ನನ್ನ ಮುಂದಿಟ್ಟರು. ಒಂದು ಕಂಪನಿಯ ಕರಾರುಪತ್ರ. ಬಿಳಿ ವೈನಿಗೆ ಬೇಕಾದ ದ್ರಾಕ್ಷಿಯನ್ನು ಎರಡು ಎಕರೆಯಲ್ಲಿ ಹಚ್ಚಿಕೊಡಬೇಕು, ಹಣ್ಣನ್ನು ಕಂಪನಿಯೇ ಒಯ್ಯುತ್ತದೆ ಎಂಬ ಒಪ್ಪಂದ. ಮಗ ಸಹಿ ಮಾಡಲು ತಯಾರು. ಮಾವ ತಯಾರಿಲ್ಲ, ಬೇಡ ಅಂತಲೂ ಹೇಳಿಲ್ಲ.

"ಆ ವೈನ್ ಹೆಂಗ ಇರ್ತದ, ಒಂದ್ಸಲ ಕಣ್ಣಾರೆ ನೋಡ್ಬೇಕಲ್ಲ ತಮ್ಮಾ. ಹೆಂಗೂ ಕಣ್ಣ ಹೊಸದಾಗ್ಯಾವ" ಅಂದರು.

ಅವರಿಗೆ ಇದು ಎರಡನೇ ಸಲ. 2007ರಲ್ಲಿ ಕರ್ನಾಟಕ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದಾಗ ನಮ್ಮ ಕಡೆಗೂ ಆ ಗಾಳಿ ಬೀಸಿತ್ತು. ವಿಜಯಪುರ, ಬಾಗಲಕೋಟೆಯ ಸೀಮೆಗೆ 'ಕೃಷ್ಣಾ ಕಣಿವೆ' ಎಂಬ ಹೆಸರು ಬಂತು. ಮರುವರ್ಷ ಮಾವ ಎರಡು ಎಕರೆ ಥಾಮ್ಸನ್ ಕಿತ್ತು ಸೊವಿನ್ಯೋಂ ಬ್ಲಾಂಕ್ ಹಚ್ಚಿದರು. ಹೆಸರು ಬಾಯಿಗೆ ಹತ್ತದೆ ಮನೆಯಲ್ಲಿ ಎಲ್ಲರೂ ಅದನ್ನು 'ಬಿಳಿ ಕಾಯಿ' ಎನ್ನುತ್ತಿದ್ದರು. 2010ರಲ್ಲಿ ಮೊದಲ ದೊಡ್ಡ ಬೆಳೆ ಬಂತು, ಹಣ್ಣು ಒಯ್ಯಬೇಕಾದ ಲಾರಿ ಬರಲಿಲ್ಲ. ಆ ಎರಡು ವರ್ಷ ನಾಸಿಕ್ ಸೀಮೆಯಲ್ಲೂ ಹೀಗೇ ಆಗಿತ್ತು. 2008ರ ಆರ್ಥಿಕ ಕುಸಿತ, ಅದರ ಹಿಂದೆಯೇ ಮುಂಬಯಿ ದಾಳಿ, ಹೋಟೆಲುಗಳು ಖಾಲಿ, ಟ್ಯಾಂಕುಗಳಲ್ಲಿ ಮಾರಾಟವಾಗದ ವೈನ್. ರೈತರು ಎಕರೆಗಟ್ಟಲೆ ಬಳ್ಳಿ ಕಿತ್ತು ಹಾಕಿದರು. ತಿನ್ನುವ ದ್ರಾಕ್ಷಿಯಾಗಿದ್ದರೆ ಸಂತೆಗಾದರೂ ಹೋಗುತ್ತಿತ್ತು, ಥಾಮ್ಸನ್ ಆಗಿದ್ದರೆ ಒಣಗಿಸಿ ಮನೂಕ ಮಾಡಿ ತಾಸಗಾಂವಿಗೆ ಒಯ್ಯಬಹುದಿತ್ತು. ವೈನಿನ ಕಾಯಿ ಸಣ್ಣದು, ಬೀಜ ತುಂಬಿದ್ದು, ತೊಗಟೆ ದಪ್ಪ. ವೈನರಿ ಬಿಟ್ಟರೆ ಅದಕ್ಕೆ ಬೇರೆ ಗಿರಾಕಿಯೇ ಇಲ್ಲ. ಮಾವ ಒಂದಿಷ್ಟು ಎಮ್ಮೆಗೆ ಹಾಕಿದರು, ಉಳಿದದ್ದು ಬಳ್ಳಿಯಲ್ಲೇ ಕೊಳೆಯಿತು.

ಹೊರಟ ದಿನ ಮನೆಯ ಹತ್ತಿರದ ಬೋರ್ಡು ಓದಿ ಅವರು ಕೇಳಿದರು: "ವರ್ತಕ ನಗರ ಅಂದ್ರ ಇದು ವ್ಯಾಪಾರಸ್ಥರ ಊರೇನು?" ವರ್ತಕ ಎಂಬುದು ಮರಾಠಿಯಲ್ಲಿ ಒಂದು ಅಡ್ಡಹೆಸರು ಎಂದೆ. "ಹಂಗಾರ ಅಡ್ಡಿಯಿಲ್ಲ" ಎಂದು ಸೀಟ್ ಬೆಲ್ಟ್ ಹಾಕಿಕೊಂಡರು.

ಈಗ ಇಗತಪುರಿಗೆ ಹೋಗಲು ಸಮೃದ್ಧಿ ಹೆದ್ದಾರಿಯಿದೆ. ಭಿವಂಡಿ ಬಳಿಯ ಆಮಣೆಯಿಂದ ಇಗತಪುರಿವರೆಗಿನ 76 ಕಿಲೋಮೀಟರ್ 2025ರ ಜೂನ್‌ನಲ್ಲಿ ತೆರೆಯಿತು, ಸುರಂಗದಲ್ಲಿ ಹೊಕ್ಕು ಹೊರಬಂದರೆ ಘಾಟಿ ಮುಗಿದಿರುತ್ತದೆ. ವೈನ್ ನೋಡಲು ಹೋಗುವವರು ಆ ದಾರಿ ಹಿಡಿಯಬಾರದು ಎಂಬುದು ನನ್ನ ಅಭಿಪ್ರಾಯ. ಶಹಾಪುರ, ಖರ್ಡಿ ದಾಟಿ ಹಳೆಯ ಕಸಾರಾ ಘಾಟಿಯನ್ನೇ ಹತ್ತಬೇಕು. ಏಕೆಂದರೆ ಮೇಲೆ ಗ್ಲಾಸಿನಲ್ಲಿ ಸಿಗುವುದರ ಅರ್ಧ ಕಾರಣ ಈ ಏರಿಯಲ್ಲಿದೆ. 1865ರಲ್ಲಿ ಮುಗಿದ ಇಲ್ಲಿನ ರೈಲುದಾರಿ 37 ಅಡಿಗೆ ಒಂದಡಿ ಏರುತ್ತದೆ, ಕಸಾರಾದಲ್ಲಿ ಗಾಡಿಗೆ ಹಿಂದಿನಿಂದಲೂ ಎಂಜಿನ್ ಹಚ್ಚಿ ದೂಡುತ್ತಾರೆ. ಸ್ವಲ್ಪವೇ ದೂರದಲ್ಲಿ ಸುಮಾರು 300 ಮೀಟರ್ ಮೇಲೆ. ಠಾಣೆಯ ಬೆವರು ಖರ್ಡಿಯವರೆಗೂ ಜೊತೆಗೆ ಬಂದಿತ್ತು. ಘಾಟಿಯ ಮೇಲೆ ಕಿಟಕಿ ಇಳಿಸಿದಾಗ ಮಾವ ಹೆಗಲ ಮೇಲಿನ ಟವೆಲ್ಲನ್ನು ಕಿವಿಗೆ ಸುತ್ತಿಕೊಂಡರು.

ಸುವಾಸನೆಯ ಬಿಳಿ ವೈನ್ ಎಂದರೆ ಓದಿದವರಿಗೆ ನೆನಪಾಗುವುದು ಯುರೋಪಿನ ಕಡಿದಾದ ಗುಡ್ಡಗಳು. ಕೆಲ ವರ್ಷಗಳ ಹಿಂದೆ ಆನ್‌ಸೈಟ್ ಎಂದು ಫ್ರಾಂಕ್‌ಫರ್ಟ್‌ನಲ್ಲಿದ್ದಾಗ ಒಂದು ಭಾನುವಾರ ಮೋಸೆಲ್ ನದಿಯ ದಂಡೆಗೆ ಹೋಗಿದ್ದೆ. ಬ್ರೆಮ್ ಎಂಬ ಹಳ್ಳಿಯ ಮೇಲೆ ಕಾಲ್ಮಾಂಟ್ ಎಂಬ ಗುಡ್ಡವಿದೆ. ಇಳಿಜಾರು ಅರವತ್ತು ಡಿಗ್ರಿಗೂ ಮೇಲೆ, ಅಂದರೆ ಗೋಡೆಗೆ ಒರಗಿಸಿಟ್ಟ ಏಣಿಯಷ್ಟು. ಅಲ್ಲಿ ರೀಸ್ಲಿಂಗ್ ಬಳ್ಳಿ ಬೆಳೆಯುತ್ತಾರೆ. ಕೆಲಸದವರು ಮತ್ತು ಹಣ್ಣಿನ ಬುಟ್ಟಿಗಳು ಒಂಟಿ ಹಳಿಯ ಪುಟ್ಟ ಗಾಡಿಯಲ್ಲಿ ಏರಿಳಿಯುತ್ತಾರೆ. ನಮ್ಮಂಥ ನೋಡುಗರಿಗೆ ಉಕ್ಕಿನ ಹಗ್ಗ ಹಿಡಿದು ನಡೆಯುವ ಕಾಲುದಾರಿ. ಐವತ್ತನೇ ಅಕ್ಷಾಂಶದ ಆ ಊರಲ್ಲಿ ಸೂರ್ಯ ಯಾವಾಗಲೂ ಓರೆಯಾಗಿಯೇ ಇರುತ್ತಾನೆ. ನೆಲವನ್ನೇ ಅವನ ಕಡೆ ವಾಲಿಸಿದರೆ ಮಾತ್ರ ಹಣ್ಣು ಮಾಗುವಷ್ಟು ಬಿಸಿಲು. ಹಗಲು ಕಾದ ಕಪ್ಪು ಸ್ಲೇಟು ಕಲ್ಲು ರಾತ್ರಿ ಆ ಕಾವನ್ನು ಬಳ್ಳಿಗೆ ವಾಪಸು ಕೊಡುತ್ತದೆ. ಹಣ್ಣು ನಿಧಾನಕ್ಕೆ ಮಾಗುವುದರಿಂದ ಹುಳಿಯೂ ಘಮವೂ ಉಳಿಯುತ್ತವೆ.

ಆ ಗುಡ್ಡದಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಬಳ್ಳಿಯನ್ನಲ್ಲ, ನಡುನಡುವೆ ಪಾಳು ಬಿದ್ದ ಪಟ್ಟಿಗಳನ್ನು. ಟ್ರ್ಯಾಕ್ಟರ್ ಹೋಗದ ಜಾಗ, ಎಲ್ಲವೂ ಕೈಕೆಲಸ, ಮಕ್ಕಳು ಪಟ್ಟಣ ಸೇರಿದ್ದಾರೆ. ಫ್ರಾನ್ಸಿನ ರೋನ್ ನದಿಯ ಮೇಲಿನ ಕೋಂಡ್ರಿಯೂನಲ್ಲೂ ಇದೇ ಕಥೆ. ಮಲ್ಲಿಗೆ, ಜರ್ದಾಳು ವಾಸನೆಯ ವಿಯೋನಿಯೆ ಅಲ್ಲಿಯ ಕಡಿದಾದ ಮೆಟ್ಟಿಲುಗದ್ದೆಗಳ ಬಳ್ಳಿ. ರೋಗ, ಯುದ್ಧ, ಆಮೇಲೆ ಕಾರ್ಖಾನೆಯ ಸಂಬಳ ಒಂದರ ಹಿಂದೊಂದು ಬಂದು 1960ರ ದಶಕದ ಹೊತ್ತಿಗೆ ಕೆಲವೇ ಎಕರೆಗಳಿಗೆ ಇಳಿದಿತ್ತು. ಈಗ ಅದು ಕ್ಯಾಲಿಫೋರ್ನಿಯಾದಲ್ಲೂ ಇದೆ, ನಾಸಿಕ್‌ನಲ್ಲೂ ಇದೆ, ನಮ್ಮ ನಂದಿ ಬೆಟ್ಟದ ತಪ್ಪಲಲ್ಲೂ ಇದೆ.

ಇಗತಪುರಿಯಲ್ಲಿ ಅಂಥ ಗೋಡೆಯಂಥ ತೋಟ ಹುಡುಕಬೇಡಿ, ಸಿಗುವುದಿಲ್ಲ. ಹಿಂದೆ ಸಹ್ಯಾದ್ರಿಯ ಬಸಾಲ್ಟ್ ಕೋಡುಗಳು, ಕಾವನೈ ಕೋಟೆಯ ಗುಡ್ಡ, ಮುಂದೆ ಮುಕಣೆ ಜಲಾಶಯ, ನಡುವೆ ಮೆಲ್ಲಗೆ ಇಳಿಯುವ ಹೊಲಗಳು. ಕಾವನೈ ಹತ್ತಿರ ವಲೋನೆ, ಸಂಜೇಗಾಂವ್ ಕಡೆ ಗ್ರೋವರ್ ಝಾಂಪಾದವರ ನಾಸಿಕ್ ವೈನರಿ. ಇಲ್ಲಿ ಇಳಿಜಾರಿನ ಕೆಲಸವೇ ಬೇರೆ. ಇಪ್ಪತ್ತನೇ ಅಕ್ಷಾಂಶದಲ್ಲಿ ಬಿಸಿಲನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಅದರಿಂದ ತಪ್ಪಿಸಿಕೊಳ್ಳಬೇಕು. ಇಗತಪುರಿಯಲ್ಲಿ ವರ್ಷಕ್ಕೆ 3 ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ನಮ್ಮ ವಿಜಯಪುರದಲ್ಲಿ 600 ಮಿಲಿಮೀಟರೂ ಇಲ್ಲ. ಆ ನೀರು ಬೇರಿನ ಬುಡದಲ್ಲಿ ನಿಲ್ಲದೆ ಓಡಬೇಕಾದರೆ ನೆಲ ವಾಲಿರಬೇಕು. ರಾತ್ರಿ ಗುಡ್ಡದಿಂದ ಇಳಿಯುವ ತಣ್ಣನೆ ಗಾಳಿಯೂ ಅದೇ ಇಳಿಜಾರಿನಲ್ಲಿ ಬಳ್ಳಿಗಳ ನಡುವೆ ಹರಿದು ಹೋಗುತ್ತದೆ. ಅಲ್ಲಿ ಗುಡ್ಡ ಬೇಕಾದದ್ದು ಹಗಲಿಗೆ, ಇಲ್ಲಿ ಬೇಕಾದದ್ದು ರಾತ್ರಿಗೆ.

ಮಾವ ನೆಲಕ್ಕೆ ಬಗ್ಗಿ ಮಣ್ಣು ತಿಕ್ಕಿ ನೋಡಿದರು, ಡ್ರಿಪ್ಪಿನ ಪೈಪು ಯಾವ ಕಂಪನಿಯದೆಂದು ನೋಡಿದರು. ಆಮೇಲೆ ಬಳ್ಳಿಯ ಬುಡ ನೋಡಿ "ಡಾಗ್‌ರಿಜ್" ಎಂದರು. ಬೇರಿಗೆ ಒಂದು ಜಾತಿ, ಮೇಲೆ ಕಸಿ ಕಟ್ಟಿದ್ದು ಇನ್ನೊಂದು ಜಾತಿ, ಇದು ತಿಕೋಟಾದಲ್ಲೂ ಹಾಗೇ. ಚಾಟ್ನಿಯೂ ಹಾಗೇ. ನಮ್ಮ ಹವೆಯಲ್ಲಿ ಬಳ್ಳಿ ಚಳಿಗಾಲವೆಂದು ಮಲಗುವುದಿಲ್ಲ. ಏಪ್ರಿಲ್‌ನಲ್ಲಿ ಒಮ್ಮೆ ಕಡ್ಡಿಗಾಗಿ, ಮಳೆ ಹಿಂದೆಗೆದ ಮೇಲೆ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಇನ್ನೊಮ್ಮೆ ಹಣ್ಣಿಗಾಗಿ ಕತ್ತರಿಸಬೇಕು. ಯುರೋಪಿನಲ್ಲಿ ಸೆಪ್ಟೆಂಬರಿನಲ್ಲಿ ಹಣ್ಣು ಕೊಯ್ಯುವಾಗ ಇಲ್ಲಿ ಕತ್ತರಿ ಹಿಡಿದಿರುತ್ತಾರೆ. ಇಲ್ಲಿ ಕೊಯ್ಲು ಜನವರಿಯಿಂದ ಮಾರ್ಚ್, ಬಿಳಿ ಜಾತಿಗಳು ಮೊದಲು. ನಾವು ಹೋದಾಗ ಕಾಯಿ ಬಟಾಣಿ ಗಾತ್ರವಿತ್ತು. ಕೆಲಸಕ್ಕಿದ್ದ ಹೆಂಗಸರು ಪೇಠ್, ಸುರಗಾಣಾ ಕಡೆಯವರು. ನಾಸಿಕ್ ಸೀಮೆಯ ದ್ರಾಕ್ಷಿತೋಟಗಳ ಕೈಗಳೆಲ್ಲ ಹೆಚ್ಚಾಗಿ ಆ ಆದಿವಾಸಿ ತಾಲ್ಲೂಕುಗಳಿಂದಲೇ ಬರುತ್ತವೆ. ಟೇಸ್ಟಿಂಗ್ ರೂಮಿನ ಗೋಡೆಯ ಮೇಲೆ ದೊಡ್ಡ ದೊಡ್ಡ ಫೋಟೋಗಳಿದ್ದವು, ಅವರದ್ದು ಒಂದೂ ಇರಲಿಲ್ಲ.

ಒಳಗೆ ಟ್ಯಾಂಕುಗಳನ್ನು ತೋರಿಸಿದ ಹುಡುಗಿ ಘೋಟಿಯವಳು. ಮಾವನಿಗೆ ತಾಸಗಾಂವಿನ ಅಡತಿಗಳ ಜೊತೆ ಮಾತಾಡಿದ ಮರಾಠಿ ಇದೆ, ಇಬ್ಬರಿಗೂ ಚೆನ್ನಾಗಿ ಹೊಂದಿತು. ಬಿಳಿ ವೈನಿನ ಹಣ್ಣನ್ನು ರಾತ್ರಿಯ ತಂಪಿನಲ್ಲೇ, ಇಲ್ಲವೇ ಬೆಳಕು ಹರಿಯುವ ಮೊದಲು ಕೊಯ್ಯುತ್ತಾರೆ ಎಂದಳು. ಒತ್ತಿ ತೆಗೆದ ರಸವನ್ನು ಸ್ಟೀಲ್ ಟ್ಯಾಂಕಿನಲ್ಲಿ ಸುಮಾರು 15 ಡಿಗ್ರಿಯಲ್ಲಿ ಎರಡು ಮೂರು ವಾರ ಹುದುಗಿಸುತ್ತಾರೆ. ಬಿಸಿ ಹೆಚ್ಚಾದರೆ ಹುದುಗು ಬೇಗ ಮುಗಿಯುತ್ತದೆ, ಆದರೆ ಘಮ ಗಾಳಿಗೆ ಹಾರಿಹೋಗುತ್ತದೆ.

"ಬ್ರಿಕ್ಸ್ ಎಷ್ಟಕ್ಕ ಕೊಯ್ತೀರಿ?" ಮಾವ ಕೇಳಿದರು.

ಇಪ್ಪತ್ತೊಂದು, ಇಪ್ಪತ್ತೆರಡು ಎಂದಳು. ಅದಕ್ಕಿಂತ ಮೇಲೆ ಬಿಡುವುದಿಲ್ಲ.

ಇದು ಅವರಿಗೆ ವಿಚಿತ್ರವೆನಿಸಿತು. ಮನೂಕಕ್ಕೆ ಸಕ್ಕರೆ ಏರಿದಷ್ಟೂ ತೂಕ, ತೂಕ ಏರಿದಷ್ಟೂ ದುಡ್ಡು. ಇನ್ನೂ ನಾಲ್ಕು ದಿನ ಬಿಸಿಲು ಸಿಗಲಿ ಎಂದು ಕಾಯುವುದೇ ಅವರ ಕಸುಬು. ಇಲ್ಲಿ ಕಾದರೆ ಲುಕ್ಸಾನು. ಹಗಲು ಎಲೆ ಸಕ್ಕರೆ ಮಾಡುತ್ತದೆ, ರಾತ್ರಿ ಹಣ್ಣು ಉಸಿರಾಡುತ್ತದೆ. ರಾತ್ರಿ ಬಿಸಿಯಿದ್ದಷ್ಟೂ ಆ ಉಸಿರಿಗೆ ಹಣ್ಣಿನ ಹುಳಿ ಖರ್ಚಾಗುತ್ತದೆ, ಮುಖ್ಯವಾಗಿ ಮ್ಯಾಲಿಕ್ ಆಮ್ಲ. ಹುಳಿ ಹೋದ ಬಿಳಿ ವೈನ್ ಎಂದರೆ ಉಪ್ಪು ಮರೆತ ಸಾರು.

ಗ್ಲಾಸ್ ಬಂತು. ನನಗೊಂದು, ಮಾವನ ಮುಂದೆ ಸುಮ್ಮನೆ ಒಂದು. ಯಾವುದು ಎಂದು ಕೇಳಿದೆ. ಸೊವಿನ್ಯೋಂ ಬ್ಲಾಂಕ್. ಮಾವನಿಗೆ ಹೆಸರಿನ ಗುರುತು ಹತ್ತಿತು, ಏನೂ ಹೇಳಲಿಲ್ಲ. ಹುಡುಗಿ ಗ್ಲಾಸನ್ನು ಹೇಗೆ ತಿರುಗಿಸಬೇಕೆಂದು ತೋರಿಸಿದಳು. ಅವರು ಗ್ಲಾಸಿನ ಕಾಲನ್ನು ಎರಡು ಬೆರಳಲ್ಲಿ ಹಿಡಿದು, ತುಪ್ಪದ ವಾಸನೆ ನೋಡುವ ಹಾಗೆ ಮೂಗಿನ ಹತ್ತಿರ ತಂದರು. ಮತ್ತೊಮ್ಮೆ ತಂದರು.

"ಪ್ಯಾರಲ ಹಣ್ಣು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಸೀದು. ಎಲಿ ಸಮೇತ ಕಿತ್ತದ್ದು."

ಬುಕ್‌ಲೆಟ್ಟಿನಲ್ಲೂ ಪೇರಲ ಎಂದೇ ಬರೆದಿತ್ತು. ಇಂಗ್ಲಿಷಿನಲ್ಲಿ ಓದಿದ್ದನ್ನು ಗ್ಲಾಸಿನಲ್ಲಿ ಹುಡುಕುವುದು ನಮ್ಮಂಥವರ ಅಭ್ಯಾಸ. ಅವರು ಗ್ಲಾಸಿನಿಂದಲೇ ಶುರು ಮಾಡಿದ್ದರು.

"ಇದ ಕಾಯಿ ಎರಡ ವರ್ಷ ಸಾಕೀನಿ. ದಿನಾ ಬಾಯಾಗ ಹಾಕ್ಕೊಂಡು ನೋಡತಿದ್ದೆ. ಈ ವಾಸನಿ ಅದರಾಗ ಇದ್ದಿದ್ದಿಲ್ಲ."

ಅವರು ಹೇಳಿದ್ದು ಸರಿ. ಈ ಜಾತಿಯ ಪೇರಲದ ವಾಸನೆ ಹಣ್ಣಿನಲ್ಲಿ ಬಿಡಿಯಾಗಿ ಇರುವುದಿಲ್ಲ. ಥಯಾಲ್ ಎಂಬ ಗಂಧಕದ ಸಂಯುಕ್ತಗಳು ಬೇರೆ ಕಣಗಳಿಗೆ ಕಟ್ಟಿಬಿದ್ದಿರುತ್ತವೆ, ಹುದುಗುವಾಗ ಯೀಸ್ಟ್ ಆ ಗಂಟು ಬಿಚ್ಚಿದ ಮೇಲಷ್ಟೇ ಮೂಗಿಗೆ ಸಿಗುತ್ತವೆ. ತೋಟದಲ್ಲಿ ನಿಂತವನಿಗೆ ತಾನು ಏನು ಬೆಳೆದೆ ಎಂಬುದು ತಿಳಿಯುವ ದಾರಿಯೇ ಇಲ್ಲ, ಯಾರಾದರೂ ಗ್ಲಾಸಿಗೆ ಸುರಿದು ಕೊಟ್ಟರೆ ಮಾತ್ರ. ಎರಡನೇ ಗ್ಲಾಸು ವಿಯೋನಿಯೆ. ಇದರ ಘಮದಲ್ಲಿ ಲಿನಲೂಲ್, ಜೆರಾನಿಯಾಲ್‌ಗಳ ಪಾಲು ಇದೆ. ಒಂದು ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಹೇರಳವಾಗಿರುವುದು, ಇನ್ನೊಂದು ಗುಲಾಬಿಯದು. ಮಾವ ಮೂಸಿ, "ಮದುವಿ ಮನ್ಯಾಗ ಚಿಮ್ಮತಾರಲ್ಲ, ಪನ್ನೀರು" ಎಂದರು. ಬೆಂಗಳೂರು ಕಡೆಯ ಗುಲಾಬಿ ದ್ರಾಕ್ಷಿ, ತಮಿಳುನಾಡಿನ ಕಂಬಮ್‌ನ ಪನ್ನೀರ್ ದ್ರಾಕ್ಷಿ ಎರಡೂ ಯುರೋಪಿನ ಮಸ್ಕತ್ ಹ್ಯಾಂಬರ್ಗ್ ಜಾತಿಯೇ. ಗುಲಾಬಿ ವಾಸನೆಯ ದ್ರಾಕ್ಷಿಯನ್ನು ನಾವು ತಳ್ಳುಗಾಡಿಯಲ್ಲಿ ಕೊಂಡು ತಿಂದಿದ್ದೇವೆ. ಗಾಜಿನ ಗ್ಲಾಸಿನಲ್ಲಿ ಬಂದಾಗ ಮಾತ್ರ ಅದು ಪರದೇಶದ್ದು.

"ನಮ್ಮ ಕರ್ನಾಟಕದಾಗ ಇದನ್ನ ಯಾರೂ ಮಾಡಿಲ್ಲೇನು?" ಎಂದು ಕೇಳಿದರು. ಮಾಡಿದ್ದಾರೆ, ಅದೂ ನಾಸಿಕ್‌ಗಿಂತ ಮೊದಲೇ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಫ್ರಾನ್ಸಿನ ಷಾಂಪೇನ್ ಸೀಮೆಯ ಜಾರ್ಜ್ ವೆಸ್ಸೆಲ್ ಜೊತೆ ಸೇರಿ ದೇಶವೆಲ್ಲ ಹುಡುಕಿ, 1988ರಲ್ಲಿ ದೊಡ್ಡಬಳ್ಳಾಪುರದ ಬಳಿ, ನಂದಿ ಬೆಟ್ಟದ ಮಗ್ಗುಲಲ್ಲಿ ತೋಟ ಕಟ್ಟಿದರು. ಅಲ್ಲಿ ನೆಲವೇ 900 ಮೀಟರ್ ಎತ್ತರ. ಅದೇ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಗೆ ಆಮೇಲೆ ಜಿಐ ಗುರುತೂ ಸಿಕ್ಕಿತು. ಸುಲಾದ ರಾಜೀವ್ ಸಾಮಂತ್ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ, ಒರಾಕಲ್ ಕೆಲಸ ಬಿಟ್ಟು ಬಂದು ನಾಸಿಕ್‌ನ ಗಂಗಾಪುರ ಅಣೆಕಟ್ಟಿನ ಬಳಿ ಬಳ್ಳಿ ನೆಟ್ಟದ್ದು ಅದಾದ ಸುಮಾರು ಹತ್ತು ವರ್ಷಕ್ಕೆ. (ನಮ್ಮ ಆಫೀಸಿನಲ್ಲಿ ಪ್ರತಿ ಅಪ್ರೈಸಲ್ ಮುಗಿದ ಮೇಲೆ ಈ ಕಥೆಯನ್ನು ಯಾರಾದರೊಬ್ಬರು ಹೇಳುತ್ತಾರೆ.) ಅವರ ಮೊದಲ ಶೆನಿನ್ ಬ್ಲಾಂಕ್, ಸೊವಿನ್ಯೋಂ ಬ್ಲಾಂಕ್ ಬಾಟಲಿಗಳು 2000ದಲ್ಲಿ ಹೊರಬಂದವು. ಮರುವರ್ಷ ಮಹಾರಾಷ್ಟ್ರ ವೈನ್ ನೀತಿ ಮಾಡಿತು. ನಾವು ಮಾಡಿದ್ದು ಆರು ವರ್ಷ ತಡವಾಗಿ. ನಾಸಿಕ್‌ಗೆ ಮುಂಬಯಿ ಇಷ್ಟು ಹತ್ತಿರವಿರುವುದೂ ದೊಡ್ಡ ಮಾತು. ಬೆಳಿಗ್ಗೆ ಹೊರಟು ಮಧ್ಯಾಹ್ನ ಗ್ಲಾಸು ಹಿಡಿಯುವ ನಮ್ಮಂಥವರು ವಿಜಯಪುರದ ಮಗ್ಗುಲಲ್ಲಿ ಇಲ್ಲ.

ಮಾವ ಕೊನೆಗೆ ತಮ್ಮ ಲೆಕ್ಕಕ್ಕೆ ಬಂದರು. ಒಂದು ಬಾಟಲಿಗೆ ಎಷ್ಟು ಹಣ್ಣು? ಒಂದು ಕಿಲೋಗೆ ಚೂರು ಮೇಲೆ. ಬಾಟಲಿಗೆ ರೇಟು? ಹುಡುಗಿ ಮೆನು ತೋರಿಸಿದಳು. ರೈತನಿಗೆ ಕಿಲೋಗೆ ಎಷ್ಟು ಕೊಡುತ್ತೀರಿ? ಅವಳು ನಕ್ಕು, ಅದು ಆಫೀಸಿನವರಿಗೆ ಗೊತ್ತು ಕಾಕಾ ಎಂದಳು. ಅವಳ ಹಳ್ಳಿಯಲ್ಲೂ ಇದೇ ಪ್ರಶ್ನೆ ಕೇಳುತ್ತಾರೇನೋ, ನಗುವಿನಲ್ಲಿ ಅಂಥದ್ದೇನೋ ಇತ್ತು.

ರಾತ್ರಿ ಇಗತಪುರಿಯಲ್ಲೇ ಉಳಿದೆವು. ಬೆಳಿಗ್ಗೆ ಐದಕ್ಕೆ ಎದ್ದು ನೋಡಿದರೆ ಮಾವನ ಹಾಸಿಗೆ ಖಾಲಿ. ಹೊರಗೆ ಹೊದಿಕೆ ಸುತ್ತಿಕೊಂಡು, ಕಣ್ಣಿಗೆ ಆಸ್ಪತ್ರೆಯ ಕಪ್ಪು ಕನ್ನಡಕ ಹಾಕಿಕೊಂಡು, ಪಕ್ಕದ ಹೊಲದ ಬಳ್ಳಿಯ ಸಾಲಿನ ತುದಿಗೆ ನಿಂತಿದ್ದರು. ಎಲೆಯ ಮೇಲೆ ಇಬ್ಬನಿ ತೊಟ್ಟಿಕ್ಕುತ್ತಿತ್ತು.

"ಇಷ್ಟು ಇಬ್ಬನಿ ಅಂದ್ರ ಡೌನಿ ಬರ್ತದ, ಔಷಧ ಹೊಡೀಬೇಕು" ಎಂದರು ಮೊದಲು. ಆಮೇಲೆ, "ಈ ಥಂಡಿ ನಮ್ಮ ಕಡೆ ಎಷ್ಟ ದಿನಾ ಬೀಳ್ತದ?"

ಫೋನ್ ತೆಗೆದು ನೋಡಿದೆ. ಇಗತಪುರಿ 12, ವಿಜಯಪುರ 17. ಎರಡೂ ಊರು ಸಮುದ್ರಮಟ್ಟದಿಂದ ಹೆಚ್ಚು ಕಡಿಮೆ ಒಂದೇ ಎತ್ತರ, 600 ಮೀಟರಿನ ಆಸುಪಾಸು. ಆದರೆ ನಾಸಿಕ್ ಮೂರು ಡಿಗ್ರಿ ಉತ್ತರಕ್ಕಿದೆ, ಚಳಿಗಾಲದ ರಾತ್ರಿಗಳಲ್ಲಿ ನಮಗಿಂತ ನಾಲ್ಕೈದು ಡಿಗ್ರಿ ತಣ್ಣಗಿರುತ್ತದೆ. ನಮ್ಮಲ್ಲಿ ಅಕ್ಟೋಬರ್ ಚಾಟ್ನಿಯ ಹಣ್ಣು ಮಾಗುವ ಹೊತ್ತಿಗೆ ಬೇಸಿಗೆಯ ಬಿಸಿಲು ಬಂದಿರುತ್ತದೆ. ಕೆಂಪು ವೈನಿನ ಜಾತಿಗಳು ಅದನ್ನು ಒಂದು ಮಟ್ಟಕ್ಕೆ ತಾಳಿಕೊಳ್ಳುತ್ತವೆ. ಪೇರಲದ ವಾಸನೆ ತಾಳಿಕೊಳ್ಳುವುದು ಕಷ್ಟ. ಕರಾರುಪತ್ರವನ್ನು ನಾನು ಎರಡು ಸಲ ಓದಿದ್ದೆ. ಸಕ್ಕರೆ ಇಷ್ಟಿರಬೇಕು, ಹುಳಿ ಇಷ್ಟಿರಬೇಕು, ಇಲ್ಲದಿದ್ದರೆ ಹಣ್ಣು ಒಯ್ಯುವುದು ಕಂಪನಿಯ ಮರ್ಜಿ ಎಂಬ ಸಾಲು ಮೂರನೇ ಪುಟದಲ್ಲಿತ್ತು. ರಾತ್ರಿ ಎಷ್ಟು ತಣ್ಣಗಿರುತ್ತದೆ ಎಂಬುದು ಯಾವ ಪುಟದಲ್ಲೂ ಇರಲಿಲ್ಲ.

ವಾಪಸು ಬರುವಾಗ ಘಾಟಿಯ ತಿರುವುಗಳಲ್ಲಿ ಮಾವ ಮಗನಿಗೆ ಫೋನ್ ಹಚ್ಚಿದರು. ವೈನಿನ ಬಗ್ಗೆ ಒಂದು ಮಾತೂ ಇಲ್ಲ. ಮನೂಕದ ಶೆಡ್ಡಿನ ಪಶ್ಚಿಮ ಮೂಲೆಗೆ ಒಂದು ಥರ್ಮಾಮೀಟರ್ ಕಟ್ಟಬೇಕು, ದಿನಾ ಬೆಳಿಗ್ಗೆ ಆರಕ್ಕೆ ನೋಡಿ ಬರೆದಿಡಬೇಕು, ಮಾರ್ಚಿನವರೆಗೂ, ಅಷ್ಟೇ. ರಾತ್ರಿಯ ಕನಿಷ್ಠ ಉಷ್ಣತೆಯನ್ನು ತಾನೇ ನೆನಪಿಟ್ಟುಕೊಳ್ಳುವ ಒಂದು ಯಂತ್ರವನ್ನು ಆನ್‌ಲೈನಿನಲ್ಲಿ ತರಿಸಿ ಅವರ ಚೀಲಕ್ಕೆ ಹಾಕಿ ಕಳಿಸಿದೆ.

ಮಾವನ ಮಗ ಈಗ ದಿನಾ ಸಂಖ್ಯೆ ಕಳಿಸುತ್ತಾನೆ, ಬೇರೆ ಮಾತಿಲ್ಲದೆ. ನಾನು ಎಕ್ಸೆಲ್ ಶೀಟಿನಲ್ಲಿ ಒಂದು ಕಾಲಮ್ಮಿಗೆ ತಿಕೋಟಾ, ಪಕ್ಕದ ಕಾಲಮ್ಮಿಗೆ ನಾಸಿಕ್ ಹಾಕುತ್ತಿದ್ದೇನೆ. ಡಿಸೆಂಬರ್ ಕೊನೆಯ ವಾರ 14, 13, 14. ಸಂಕ್ರಾಂತಿಯ ಬೆಳಿಗ್ಗೆ 16. ನಿನ್ನೆ 18. ಏಜೆಂಟ್ ತಿಂಗಳ ಕೊನೆಗೆ ಬರುತ್ತಾನಂತೆ. ಕರಾರುಪತ್ರ ದೇವರ ಜಗಲಿಯಲ್ಲಿ, ವಿಭೂತಿ ಗಟ್ಟಿಯ ಕೆಳಗಿದೆ ಎಂದು ಅತ್ತೆ ಹೇಳಿದರು.